ಗಾಳಿ ನಿಂತ ಮೇಲೆ ಊರಿಗೆ ಏನು ಬೇಕು? ಬೆಂಗಳೂರಿನಲ್ಲಿರುವ ಕರಾವಳಿಯವರು ಹೇಳಿ

ಗಂಗೊಳ್ಳಿ ಕಡೆಯವ, ರಾಜಾಜಿನಗರ
ಶನಿವಾರ, ಬೆಳಿಗ್ಗೆ 7:40

ಏಪ್ರಿಲ್ ಮುಗಿಯುತ್ತ ಬಂತು. ಮೇ ಹತ್ತಿರವಾದ ಹಾಗೆಲ್ಲ ನನಗೆ 2021 ನೆನಪಾಗುತ್ತದೆ. ಆ ವರ್ಷ ಮೇ 15, 16ರಂದು ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಉತ್ತರಕ್ಕೆ ಹೋಯಿತು. 17ರ ರಾತ್ರಿ ಗುಜರಾತಿನಲ್ಲಿ ದಡ ಮುಟ್ಟಿತು. ನಮ್ಮಲ್ಲಿ ದಡ ಮುಟ್ಟಲೇ ಇಲ್ಲ, ಆದರೂ ನಮ್ಮ ಮನೆ ಅಂಗಳದಲ್ಲಿ ಕಡಲ ನೀರು ನಿಂತಿತ್ತು. ನಮ್ಮೂರಿನ ಹತ್ತಿರದ ನಾಡ ಎಂಬಲ್ಲಿ ಒಂದೇ ದಿನ 385 ಮಿ.ಮೀ. ಮಳೆ ದಾಖಲಾಯಿತು. ಇಲ್ಲಿಯವರಿಗೆ ಅಂದಾಜು ಸಿಗಲಿ ಅಂತ ಹೇಳುತ್ತೇನೆ: ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವುದು ಸುಮಾರು 970 ಮಿ.ಮೀ.

ಕೊರೊನಾ ಎರಡನೇ ಅಲೆಯ ಲಾಕ್‌ಡೌನ್ ಶುರುವಾಗಿ ಆರು ದಿನವಾಗಿತ್ತು. ಜಿಲ್ಲೆ ದಾಟುವ ಹಾಗಿಲ್ಲ. ಅಬ್ಬಿ (ನಮ್ಮ ಕಡೆ ಅಮ್ಮನಿಗೆ ಹೀಗೆ ಕರೆಯುವುದು) ಫೋನಿನಲ್ಲಿ ಹೇಳಿದ್ದು ಇಷ್ಟೇ: "ನೀ ಈಗ ಬಪ್ದ್ ಬ್ಯಾಡ. ಬಂದ್ ಎಂತ ಮಾಡ್ತೆ? ಬಾವಿ ನೀರ್ ಉಪ್ಪಾಯ್ತ್ ಕಾಣ್."

ಆಮೇಲೆ ನಾನು ಮತ್ತು ಗೆಳೆಯರು ಮಾಡಿದ್ದನ್ನು ಇಲ್ಲಿ ಬರೆಯಬೇಕು. ದುಡ್ಡು ಒಟ್ಟು ಮಾಡಿ ಅಕ್ಕಿ, ಬೇಳೆ, ಹೊದಿಕೆ, ಹಳೆ ಬಟ್ಟೆ ತುಂಬಿಸಿ, ಪಾಸ್ ಮಾಡಿಸಿ, ಒಂದು ಗಾಡಿ ಕಳಿಸಿದೆವು. ಗಾಡಿ ಮುಟ್ಟುವಾಗ ಒಂಬತ್ತು ದಿನ ಕಳೆದಿತ್ತು. ಅಕ್ಕಿ ರೇಷನ್ ಅಂಗಡಿಯಲ್ಲಿ ಸಿಗುತ್ತಿತ್ತು. ಹೊದಿಕೆ ಯಾರಿಗೂ ಬೇಕಿರಲಿಲ್ಲ. ಹಳೆ ಬಟ್ಟೆಯ ಮೂಟೆಗಳು ಶಾಲೆಯ ಜಗಲಿಯಲ್ಲಿ ಮಳೆಗಾಲ ಪೂರ್ತಿ ಬಿದ್ದು ಬೂಸ್ಟು ಹಿಡಿದವು. ಅದೇ ಹೊತ್ತಿಗೆ ನಮ್ಮ ಓಣಿಯ ನಾಲ್ಕು ನಾಡದೋಣಿಗಳ ಎಂಜಿನ್ ಉಪ್ಪುನೀರಿನಲ್ಲಿ ಮುಳುಗೆದ್ದು ಕೂತಿದ್ದವು. ಔಟ್‌ಬೋರ್ಡ್ ಎಂಜಿನ್ ಮುಳುಗಿದರೆ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಬಿಚ್ಚಿ, ಎಣ್ಣೆ ಹಾಕಬೇಕು. ಗಾಳಿ ತಾಗಿ ಒಣಗಿತೋ, ತುಕ್ಕು ಒಳಗೆ ಇಳಿಯಿತು ಅಂತಲೇ ಲೆಕ್ಕ. ಮೆಕ್ಯಾನಿಕ್ಕಿಗೆ ಕೊಡುವುದಕ್ಕೆ ಕೈಯಲ್ಲಿ ದುಡ್ಡಿಲ್ಲದೆ ಎರಡು ಎಂಜಿನ್ ಹಾಗೇ ಹೋದವು. ನಮ್ಮ ಗಾಡಿಯ ಬಾಡಿಗೆಯಲ್ಲೇ ಅವು ಉಳಿಯುತ್ತಿದ್ದವು. ಆ ಲೆಕ್ಕ ಇವತ್ತಿಗೂ ನನಗೆ ನೋಯುತ್ತದೆ.

ಇನ್ನೊಂದು ನಷ್ಟ ಯಾವ ಪಟ್ಟಿಯಲ್ಲೂ ಬರಲಿಲ್ಲ. ಮೇ ತಿಂಗಳು ನಮ್ಮಲ್ಲಿ ಒಣಮೀನಿನ ಕಾಲ. ಮಳೆಗಾಲದ ಎರಡು ಮೂರು ತಿಂಗಳಿಗೆ ಮನೆಗೂ ಮಾರಾಟಕ್ಕೂ ಅಂತ ಹೆಂಗಸರು ಮರಳಿನ ಮೇಲೆ ಮೀನು ಹರವಿರುತ್ತಾರೆ. ಅಬ್ಬಿ ಮತ್ತು ಚಿಕ್ಕಮ್ಮ ಸಾಲ ಮಾಡಿ ಮೀನು ಕೊಂಡು ಉಪ್ಪು ಹಾಕಿದ್ದರು. ಒಂದು ರಾತ್ರಿಯಲ್ಲಿ ಎಲ್ಲ ಹೋಯಿತು. ಪಂಚನಾಮೆಗೆ ಬಂದವರು ಮನೆಯ ಹಂಚು ಎಣಿಸಿದರು. ಮೀನನ್ನು ಯಾರೂ ಎಣಿಸಲಿಲ್ಲ.

ಇನ್ನೊಮ್ಮೆ ಇಂಥದ್ದು ಬಂದರೆ ಇಲ್ಲಿ ಕೂತ ನಾವು ಏನು ಮಾಡಬೇಕು, ಯಾವಾಗ ಮಾಡಬೇಕು? ಅನುಭವ ಇದ್ದವರು ಬರೆಯಿರಿ.

ಬಸವನಗುಡಿಯವಳು
ಶನಿವಾರ, ಬೆಳಿಗ್ಗೆ 8:15

ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕಡಲು ನೋಡಿದ್ದು ಪ್ರವಾಸದಲ್ಲಿ ಮಾತ್ರ. ಓದಿ ತುಂಬಾ ಸಂಕಟ ಆಯ್ತು. ಒಂದು ವಿಷಯ ಅರ್ಥ ಆಗಲಿಲ್ಲ. ಚಂಡಮಾರುತ ನಿಮ್ಮಲ್ಲಿ ದಡಕ್ಕೇ ಬರಲಿಲ್ಲ ಅಂತೀರಿ, ಹಾಗಾದ್ರೆ ನೀರು ಹೇಗೆ ನುಗ್ಗಿತು? ಅಮೆರಿಕದ ಹರಿಕೇನ್ ಅಂತಾರಲ್ಲ, ಅದು ಬೇರೆಯಾ?

ಭೂಗೋಳದ ಮೇಷ್ಟ್ರು, ವಿಜಯನಗರ
ಶನಿವಾರ, ಬೆಳಿಗ್ಗೆ 9:02

ಒಳ್ಳೆ ಪ್ರಶ್ನೆ ಕೇಳಿದಿರಿ ತಾಯಿ. ಹರಿಕೇನ್, ಟೈಫೂನ್, ಸೈಕ್ಲೋನ್ ಮೂರೂ ಒಂದೇ. ಅಟ್ಲಾಂಟಿಕ್ ಕಡೆ ಒಂದು ಹೆಸರು, ಜಪಾನ್ ಕಡೆ ಒಂದು, ನಮ್ಮ ಕಡೆ ಒಂದು. ಕಡಲ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಆವಿ ಮೇಲೇರಿ ಮೋಡವಾಗುವಾಗ ಬಿಡುವ ಶಾಖವೇ ಇದಕ್ಕೆ ಮೇವು. ಮುಂಗಾರು ಜೋರಾಗಿರುವಾಗ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಬೇರೆ ಬೇರೆ ದಿಕ್ಕಿಗೆ ಎಳೆದು ಸುಳಿಯನ್ನು ಕಟ್ಟಲು ಬಿಡುವುದಿಲ್ಲ. ಅದಕ್ಕೇ ನಮಗೆ ಮುಂಗಾರಿನ ಮುಂಚೆ ಮೇ, ಜೂನ್ ಮೊದಲ ವಾರಗಳು, ಆಮೇಲೆ ಅಕ್ಟೋಬರಿನಿಂದ ಡಿಸೆಂಬರ್, ಇವು ಅಪಾಯದ ಕಾಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಮ್ಮ ಅರ್ಧಗೋಳದಲ್ಲಿ ಸುಳಿಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಅರಬ್ಬಿ ಸಮುದ್ರದಲ್ಲಿ ಅದು ಉತ್ತರಕ್ಕೆ ಹೋಗುತ್ತಿದ್ದರೆ ನಮ್ಮ ಕರಾವಳಿ ಅದರ ಬಲಗಡೆಗೆ ಬರುತ್ತದೆ. ಸುಳಿಯ ವೇಗವೂ ಅದು ಸಾಗುವ ವೇಗವೂ ಕೂಡಿಕೊಳ್ಳುವುದು ಬಲಗಡೆಯಲ್ಲೇ. ಅದು ನಮ್ಮನ್ನು ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ಗಾಳಿ ನೈಋತ್ಯದಿಂದ ಬೀಸಿ ಅಲೆಯನ್ನು ದಡಕ್ಕೆ ದಬ್ಬುತ್ತದೆ. ಟಿವಿಯಲ್ಲಿ "ಚಂಡಮಾರುತ ಗೋವಾ ದಾಟಿತು" ಅನ್ನುವಾಗ ನಮ್ಮವರು ಸಮಾಧಾನಪಡುತ್ತಾರೆ, ಕಡಲು ಮಾತ್ರ ಆಗಲೇ ಏರುವುದು.

ಹೆಸರಿನ ಬಗ್ಗೆ ಮಕ್ಕಳು ಯಾವಾಗಲೂ ಕೇಳುತ್ತಿದ್ದರು. ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು, ಜೋರಾಗಿ ಕೂಗುವ ಒಂದು ಜಾತಿಯ ಹಲ್ಲಿ. ನಮ್ಮ ಕಡಲುಗಳ ಚಂಡಮಾರುತಗಳಿಗೆ 13 ದೇಶಗಳು ಸರದಿಯಲ್ಲಿ ಹೆಸರು ಕೊಡುತ್ತವೆ. 2020ರಲ್ಲಿ 169 ಹೆಸರುಗಳ ಹೊಸ ಪಟ್ಟಿ ಬಂತು.

ಬೆಂಗಳೂರಿಗೂ ಇದರ ನಂಟಿದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ತಮಿಳುನಾಡಿಗೆ ಬಂದಾಗ ಇಲ್ಲಿ ಎರಡು ಮೂರು ದಿನ ಜಿಟಿಜಿಟಿ ಮಳೆ, ಸ್ವೆಟರ್ ಚಳಿ. 2022ರ ಡಿಸೆಂಬರಿನ ಮಾಂಡೌಸ್ ನೆನಪಿರಬೇಕು. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ದಡಕ್ಕೆ ಬಂದ ಫೆಂಗಲ್‌ನ ಉಳಿಕೆ ನಮ್ಮನ್ನು ದಾಟಿ ಮಂಗಳೂರಿನ ಕಡೆಗೂ ಮಳೆ ಸುರಿಸಿತು. ಇಲ್ಲಿ ನಮಗೆ ಬಿಸಿ ಕಾಫಿ ಕುಡಿಯುವ ಹವೆ ಅನ್ನಿಸುವಾಗ ಎಲ್ಲೋ ಒಂದು ಊರು ಮನೆಯೊಳಗಿನ ನೀರು ಎತ್ತಿ ಹಾಕುತ್ತಿರುತ್ತದೆ.

ಉಳ್ಳಾಲದವಳು, ಈಗ ಹೆಬ್ಬಾಳ
ಶನಿವಾರ, ಮಧ್ಯಾಹ್ನ 1:20

ನಾನು ಇಲ್ಲಿ ನರ್ಸ್. ತೌಕ್ತೆ ದಿನ ಕೋವಿಡ್ ವಾರ್ಡಿನಲ್ಲಿ ಡ್ಯೂಟಿ ಇತ್ತು. ಪಿಪಿಇ ಹಾಕಿದ ಮೇಲೆ ಫೋನ್ ಮುಟ್ಟುವ ಹಾಗಿಲ್ಲ. ಎಂಟು ಗಂಟೆ ಕಳೆದು ತೆಗೆದು ನೋಡಿದರೆ ಅಣ್ಣನ 23 ಮಿಸ್ಡ್ ಕಾಲ್.

ನಮ್ಮ ಮನೆ ಆ ದಿನ ಬೀಳಲಿಲ್ಲ ಮಾರ್ರೆ. ಅದೇ ನಮಗೆ ತೊಂದರೆ ಆದದ್ದು. ಅಲೆ ಬಂದು ಮನೆಯ ಹಿಂದಿನ ತೆಂಗಿನ ಮರ ಎರಡು ಕೊಂಡುಹೋಯಿತು, ಬುಡದ ಮರಳು ತೆಗೆಯಿತು. ಗೋಡೆ ನಿಂತಿತ್ತು. ಬಂದು ನೋಡಿದವರು "ಭಾಗಶಃ" ಅಂತ ಬರೆದುಕೊಂಡರು. ಜೂನ್ ಕೊನೆಗೆ ಮುಂಗಾರಿನ ಅಲೆಗೆ ಅದೇ ಗೋಡೆ ಮಗುಚಿತು. ಆಗ ಹೋಗಿ ಕೇಳಿದರೆ "ಚಂಡಮಾರುತದ ಲೆಕ್ಕ ಮುಗಿದಿದೆ, ಇದು ಕಡಲ್ಕೊರೆತ" ಅಂದರು. ಕೇಂದ್ರದ ಆಗಿನ ಮಾರ್ಗಸೂಚಿಯಲ್ಲಿ ಪರಿಹಾರಕ್ಕೆ ಅರ್ಹವಾದ ವಿಪತ್ತುಗಳು ಹನ್ನೆರಡು. ಚಂಡಮಾರುತ ಉಂಟು, ನೆರೆ ಉಂಟು, ಸುನಾಮಿ ಉಂಟು, ಆಲಿಕಲ್ಲು ಮಳೆಯೂ ಉಂಟು. ಕಡಲ್ಕೊರೆತ ಇಲ್ಲ. ಗಾಳಿಯ ದಿನವೇ ಬಿದ್ದರೆ ಒಂದು ಹೆಸರು, ಅದೇ ಪೆಟ್ಟಿಗೆ ಒಂದೂವರೆ ತಿಂಗಳು ತಡೆದು ಬಿದ್ದರೆ ಇನ್ನೊಂದು ಹೆಸರು. ಅಮ್ಮನಿಗೆ ಇದನ್ನು ತಿಳಿಸಿ ಹೇಳಲಿಕ್ಕೆ ನನ್ನಿಂದ ಆಗಲಿಲ್ಲ.

ಹಾಗಾಗಿ ನಾನು ಹೇಳುವುದು ಒಂದೇ. ಮೊದಲ ಪಂಚನಾಮೆಯಲ್ಲೇ ಬುಡ ಸವೆದದ್ದನ್ನು, ಬಿರುಕನ್ನು ಬರೆಸಿ. ಫೋಟೋ ತೆಗೆದು, ತಾರೀಕು ಕಾಣುವ ಹಾಗೆ ಇಟ್ಟುಕೊಳ್ಳಿ. ಊರಿನಲ್ಲಿ ಇದ್ದವರಿಗೆ ಆ ಹೊತ್ತಿನಲ್ಲಿ ಇದು ನೆನಪಿಗೆ ಬರುವುದಿಲ್ಲ. ಇಲ್ಲಿಂದ ಫೋನ್ ಮಾಡಿ ನೆನಪಿಸುವುದು ನಮ್ಮ ಕೆಲಸ.

ಹೂಸ್ಟನ್‌ನಿಂದ ವಾಪಸ್, ವೈಟ್‌ಫೀಲ್ಡ್
ಶನಿವಾರ, ಮಧ್ಯಾಹ್ನ 2:05

ಉಳ್ಳಾಲದ ಅಕ್ಕ ಹೇಳಿದ ಫೋಟೋ ಮಾತಿಗೆ ನನ್ನದೊಂದು ಸೇರಿಸುತ್ತೇನೆ. 2017ರ ಆಗಸ್ಟಿನಲ್ಲಿ ಹಾರ್ವಿ ಹರಿಕೇನ್ ಟೆಕ್ಸಾಸಿಗೆ ಬಂದಾಗ ನಾನು ಹೂಸ್ಟನ್‌ನಲ್ಲಿದ್ದೆ. ಗಾಳಿಗಿಂತ ಮಳೆ ಕೊಂದಿತು. ನೀರು ಇಳಿದ ಮೇಲೆ ಬೀದಿಯುದ್ದಕ್ಕೂ ಜನ ಒದ್ದೆ ಗೋಡೆಯ ಹಲಗೆ, ಹಾಸಿಗೆ, ಫ್ರಿಜ್ ಎಲ್ಲ ತಂದು ರಾಶಿ ಹಾಕಿದರು. ಪಕ್ಕದ ಮನೆಯ ಅಜ್ಜಿ ಮಾತ್ರ ಪ್ರತಿ ವಸ್ತುವಿನ ಪಕ್ಕ ನಿಂತು ಮೊದಲು ಫೋಟೋ ತೆಗೆಸಿದರು, ಗೋಡೆಯ ಮೇಲೆ ನೀರು ನಿಂತ ಗೆರೆಯನ್ನು ಟೇಪ್ ಹಿಡಿದು ಅಳೆಸಿದರು. ಅವರು ಅದಕ್ಕೂ ಮುಂಚೆ ಒಮ್ಮೆ ನೆರೆ ಕಂಡವರು. ಗುಡಿಸುವ ಮುಂಚೆ ಫೋಟೋ, ಅಷ್ಟೇ ನಾನು ಕಲಿತದ್ದು. ನಮ್ಮವರು ಮನೆ ಗಲೀಜಾಗಿದೆ ಅಂತ ಮೊದಲು ತೊಳೆದುಬಿಡುತ್ತಾರೆ, ಸಾಕ್ಷಿಯೂ ತೊಳೆದುಹೋಗುತ್ತದೆ.

ಬಾವಿ ನೀರು, ಯಲಹಂಕ
ಶನಿವಾರ, ಸಂಜೆ 4:48

ಅಂತರ್ಜಲದ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದೇನೆ. ಗಂಗೊಳ್ಳಿಯವರ ತಾಯಿ ಹೇಳಿದ ಬಾವಿಯ ಮಾತು ಬಹಳ ಮುಖ್ಯ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕಡಲ ನೀರು ಬಾವಿಗೆ ನುಗ್ಗಿದಾಗ ಎಲ್ಲರೂ ಮಾಡುವ ಮೊದಲ ಕೆಲಸ ಪಂಪು ಹಚ್ಚಿ ಪೂರ್ತಿ ಬರಿದು ಮಾಡುವುದು. ದಯವಿಟ್ಟು ಹಾಗೆ ಮಾಡಿಸಬೇಡಿ. ಮರಳು ದಡದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತ ಇರುತ್ತದೆ, ಯಾಕೆಂದರೆ ಉಪ್ಪುನೀರು ಭಾರ. ಮೇಲಿನ ತೆಳು ಸಿಹಿನೀರನ್ನು ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆದ್ದು ಬರುತ್ತದೆ. 2004ರ ಸುನಾಮಿಯ ನಂತರ ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಸಹಾಯ ಮಾಡಲು ಹೋದವರು ಬಾವಿಗಳನ್ನು ಮತ್ತೆ ಮತ್ತೆ ಬರಿದು ಮಾಡಿ, ಅನೇಕ ಕಡೆ ಉಪ್ಪನ್ನು ಹೆಚ್ಚಿಸಿದರು. ಇನ್ನೊಂದು ಭಯ, ಸುತ್ತಲಿನ ನೆಲ ನೆನೆದಿರುವಾಗ ಒಳಗಿನ ನೀರು ಒಮ್ಮೆಲೇ ಇಳಿದರೆ ಬಾವಿಯ ಕಟ್ಟೆ ಕುಸಿಯುತ್ತದೆ.

ಕಸ, ಸತ್ತ ಪ್ರಾಣಿ, ಕೆಸರು ತೆಗೆಯಿರಿ. ಮೇಲಿಂದ ನಿಧಾನಕ್ಕೆ, ಸ್ವಲ್ಪ ಸ್ವಲ್ಪ ಎತ್ತಿ ಹೊರಹಾಕಿ, ಅದು ಮತ್ತೆ ಬಾವಿಗೇ ಇಂಗದ ಹಾಗೆ ದೂರಕ್ಕೆ ಬಿಡಿ. ಉಳಿದದ್ದನ್ನು ಮುಂಗಾರು ನೋಡಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಕರಾವಳಿ ಪುಣ್ಯ ಮಾಡಿದೆ. ಮೇ ತಿಂಗಳಿನ ಉಪ್ಪನ್ನು ಜೂನ್, ಜುಲೈ ಮಳೆ ತಳ್ಳಿಹಾಕುತ್ತದೆ. ಒಂದು ಮಳೆಗಾಲದಲ್ಲಿ ಬಹುಪಾಲು ಬಾವಿಗಳು ಸುಧಾರಿಸುತ್ತವೆ. ಡಿಸೆಂಬರಿನಲ್ಲಿ ಕಡಲು ನುಗ್ಗಿದರೆ ಮಾತ್ರ ಆರು ತಿಂಗಳು ಕಾಯಬೇಕು.

ಬ್ಲೀಚಿಂಗ್ ಪೌಡರ್ ಉಪ್ಪು ತೆಗೆಯುವುದಿಲ್ಲ, ರೋಗಾಣು ಕೊಲ್ಲುತ್ತದೆ. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ 2.5 ಗ್ರಾಂ ಕನಿಷ್ಠ ಲೆಕ್ಕ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ ಅಂದಾಜು 24 ಗ್ರಾಂ. ನೆರೆ ನೀರು ಸೇರಿದ ಬಾವಿಗೆ ಇದಕ್ಕಿಂತ ಹೆಚ್ಚು ಬೇಕು. ಆರೋಗ್ಯ ಇಲಾಖೆಯವರು ಕ್ಲೋರಿನ್ ಉಳಿಕೆ ಪರೀಕ್ಷೆ ಮಾಡಿ ಹೇಳುತ್ತಾರೆ. ಪುಡಿಯನ್ನು ನೇರ ಸುರಿಯದೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹಾಕಿ, ಕೊಡಪಾನ ಬಿಟ್ಟು ಚೆನ್ನಾಗಿ ಕದಡಿ, ಕಡಿಮೆ ಅಂದರೆ ಒಂದು ಗಂಟೆ ಬಿಡಬೇಕು.

ಆದ್ದರಿಂದ ಮೊದಲ ವಾರ ಊರಿಗೆ ಬೇಕಾದದ್ದು ಕುಡಿಯುವ ನೀರಿನ ಟ್ಯಾಂಕರ್. ಅದು ಇಲ್ಲಿಂದ ಹೋಗುವುದಲ್ಲ. ಪಕ್ಕದ ಎತ್ತರದ ಊರಿನಿಂದ ಬರುವುದು, ನಾವು ಬಾಡಿಗೆ ಕೊಟ್ಟರೆ ಸಾಕು.

ಉಳ್ಳಾಲದವಳು, ಈಗ ಹೆಬ್ಬಾಳ
ಶನಿವಾರ, ಸಂಜೆ 5:30

ಬಾವಿಯವರ ಮಾತಿಗೆ ನರ್ಸಿನ ಮಾತು ಒಂದು. ನೆರೆ ನೀರಿನಲ್ಲಿ ನಡೆದವರಿಗೆ ಹತ್ತು ಹದಿನೈದು ದಿನದೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾದರೆ ಇಲಿಜ್ವರ ಇರಬಹುದು. ಮನೆಯಲ್ಲಿ ಕಷಾಯ ಕುಡಿದು ಕೂರಬೇಡಿ ಅಂತ ಹೇಳಿ. ಕಾಲಿನಲ್ಲಿ ಗಾಯ ಇದ್ದವರು ನೀರಿಗೆ ಇಳಿಯುವ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಕೇಳಲಿ. ಗಂಬೂಟು ಕಳಿಸಿದರೆ ಹೊದಿಕೆಗಿಂತ ನೂರು ಪಾಲು ಉಪಯೋಗ.

ಮಾಗಡಿ ರೋಡ್ ಓದುಗ
ಶನಿವಾರ, ರಾತ್ರಿ 8:11

ಬೇಜಾರು ಮಾಡ್ಕೋಬೇಡಿ, ನಿಜವಾಗಿ ತಿಳ್ಕೊಳ್ಳೋಕೆ ಕೇಳ್ತಿದೀನಿ. ಪ್ರತಿ ವರ್ಷ ಕಡಲು ಮುಂದೆ ಬರುತ್ತೆ ಅಂತ ಗೊತ್ತಿದ್ದೂ ಅಷ್ಟು ಹತ್ತಿರ ಮನೆ ಯಾಕೆ? ಸರ್ಕಾರ ಬೇರೆ ಕಡೆ ಜಾಗ ಕೊಟ್ರೆ ಹೋಗಬಹುದಲ್ವಾ?

ಗಂಗೊಳ್ಳಿ ಕಡೆಯವ, ರಾಜಾಜಿನಗರ
ಶನಿವಾರ, ರಾತ್ರಿ 8:50

ಬೇಜಾರಿಲ್ಲ. ನಾವು ಕಡಲ ಹತ್ತಿರ ಹೋದದ್ದಲ್ಲ ಸಾರ್, ಕಡಲೇ ನಮ್ಮ ಹತ್ತಿರ ಬಂದದ್ದು. ಅಪ್ಪಯ್ಯ ಹುಡುಗನಾಗಿದ್ದಾಗ ಮನೆಗೂ ನೀರಿಗೂ ನಡುವೆ ದೊಡ್ಡ ಮರಳು ದಿಬ್ಬ, ಅದರ ಮೇಲೆ ಗಾಳಿಮರದ ತೋಪು, ಆಚೆ ಬಲೆ ಒಣಗಿಸುವ ಬಯಲು, ಕೈರಂಪಣಿ (ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಬಲೆ) ಎಳೆಯುವ ಜಾಗ ಇತ್ತಂತೆ. ನನ್ನ ಕಾಲಕ್ಕೆ ಬಯಲಿಲ್ಲ. ನನ್ನ ಮಗಳ ಕಾಲಕ್ಕೆ ತೋಪೂ ಇಲ್ಲ.

ದೋಣಿ ದಡದಲ್ಲಿರುತ್ತದೆ. ರಾತ್ರಿ ಎರಡಕ್ಕೆ ಕಡಲ ಬಣ್ಣ ನೋಡಿ, ಗಾಳಿ ನೋಡಿ ಹೊರಡುವವನು ಐದು ಕಿಲೋಮೀಟರ್ ದೂರದ ಸೈಟಿನಲ್ಲಿ ಮಲಗಿ ಅದನ್ನೆಲ್ಲ ನೋಡುವುದು ಹೇಗೆ? ಎಂಜಿನ್, ಬಲೆ, ಸೀಮೆಎಣ್ಣೆ ಎಲ್ಲಿ ಇಡುವುದು? ನಮ್ಮ ಅಬ್ಬಿಯಂಥವರು ಬುಟ್ಟಿ ಹೊತ್ತು ಮೀನಿಗೆ ಓಡಬೇಕು, ದೋಣಿ ಬಂದ ಹತ್ತು ನಿಮಿಷದಲ್ಲಿ ಹರಾಜು ಮುಗಿದಿರುತ್ತದೆ. ಕೆಲವರು ಹೋಗಲು ತಯಾರಿದ್ದಾರೆ, ಅದೂ ನಿಜ. ಅವರಿಗೆ ದಡದ ಹತ್ತಿರವೇ ದೋಣಿ, ಬಲೆ ಇಡುವ ಜಾಗ ಉಳಿಸಿಕೊಟ್ಟು ಮನೆ ಮಾತ್ರ ಒಳಗೆ ಕೊಟ್ಟರೆ ಹೋಗುತ್ತಾರೆ.

ಸಿವಿಲ್ ಎಂಜಿನಿಯರ್, ಬನಶಂಕರಿ
ಶನಿವಾರ, ರಾತ್ರಿ 9:34

ದಡ ಸವೆಯುವುದಕ್ಕೆ ಚಂಡಮಾರುತ ಒಂದೇ ಕಾರಣ ಅಲ್ಲ. ಮರಳು ದಡದುದ್ದಕ್ಕೂ ಹರಿಯುತ್ತಿರುತ್ತದೆ, ನಾವು ಕಾಣುವುದಿಲ್ಲ ಅಷ್ಟೆ. ಬಂದರಿಗೆ ಅಂತ ಕಡಲಿಗೆ ಕಲ್ಲಿನ ಕೈ ಚಾಚಿದರೆ ಒಂದು ಬದಿಯಲ್ಲಿ ಮರಳು ಕೂಡುತ್ತದೆ, ಇನ್ನೊಂದು ಬದಿ ಹಸಿಯುತ್ತದೆ. ನದಿಗಳಿಂದ ಬರುವ ಮರಳೂ ಕಡಿಮೆಯಾಗಿದೆ. ತಡೆಗೋಡೆ ಕಟ್ಟಿದರೆ ಆ ಮನೆಗಳು ಉಳಿಯುತ್ತವೆ, ಆದರೆ ಅಲೆ ಗೋಡೆಯ ಬುಡದ ಮರಳನ್ನು ಅಗೆದು ಕಲ್ಲನ್ನೇ ನುಂಗುತ್ತದೆ, ಗೋಡೆ ಮುಗಿಯುವ ಕಡೆ ಕೊರೆತ ಜೋರಾಗುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೇ ಅಲೆ ಮುರಿಯುವ ದಿಬ್ಬಗಳನ್ನು ಮಾಡಿದ್ದು ಈ ಕಾರಣಕ್ಕೇ.

ಉಳ್ಳಾಲದವಳು, ಈಗ ಹೆಬ್ಬಾಳ
ಶನಿವಾರ, ರಾತ್ರಿ 9:52

ಅದು ಆದ ಮೇಲೆ ಮೊಗವೀರಪಟ್ಣದ ಕಡೆ ಸ್ವಲ್ಪ ಉಸಿರಾಡಿದರು, ಒಪ್ಪುತ್ತೇನೆ. ಆದರೆ ದಕ್ಷಿಣಕ್ಕೆ ಉಚ್ಚಿಲ, ಬಟ್ಟಪ್ಪಾಡಿಯ ಕಡೆಯವರನ್ನು ಕೇಳಿ ನೋಡಿ. ಒಬ್ಬರ ಅಂಗಳ ಉಳಿಸಿ ಇನ್ನೊಬ್ಬರ ಅಂಗಳಕ್ಕೆ ಕಡಲನ್ನು ಕಳಿಸುವ ಕೆಲಸ ಆಗಬಾರದು. ಕಲ್ಲು ಹಾಕುವವರು ಇಡೀ ದಡವನ್ನು ಒಂದಾಗಿ ನೋಡಲಿ.

ಬೈಂದೂರು ಹೋಟೆಲಿನವರು, ಕಾಮಾಕ್ಷಿಪಾಳ್ಯ
ಭಾನುವಾರ, ಬೆಳಿಗ್ಗೆ 6:05

ಅಂಗಡಿ ತೆರೆಯುವ ಮುಂಚೆ ಬರೆಯುತ್ತಿದ್ದೇನೆ. ಗಂಗೊಳ್ಳಿಯವರು ಗಾಡಿಯ ವಿಷಯ ಬರೆದದ್ದು ಓದಿ ನಿದ್ದೆ ಬರಲಿಲ್ಲ, ಆ ಗಾಡಿಗೆ ಅಕ್ಕಿ ಕೊಟ್ಟವರಲ್ಲಿ ನಾನೂ ಒಬ್ಬ ಇರಬೇಕು.

ದುಡ್ಡಿನ ಕಾಲದ ಬಗ್ಗೆ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. 61 ದಿನ. ಮೇ ಮಧ್ಯದಲ್ಲಿ ಚಂಡಮಾರುತ ಬಂದರೆ ಸೀಸನ್ನಿನ ಕೊನೆಯ ಹದಿನೈದು ದಿನ ಹೋಯಿತು. ಆ ದುಡಿಮೆಯಲ್ಲೇ ಎರಡು ತಿಂಗಳು ಉಣ್ಣಬೇಕಿತ್ತು, ಮಕ್ಕಳ ಶಾಲೆ ಫೀಸು ಕಟ್ಟಬೇಕಿತ್ತು, ಆಗಸ್ಟಿಗೆ ಬಲೆ ರಿಪೇರಿಗೆ ಇಡಬೇಕಿತ್ತು. ಮೇ ತಿಂಗಳಲ್ಲಿ ಎಲ್ಲರೂ ಅಕ್ಕಿ ಕೊಡುತ್ತಾರೆ. ಜುಲೈಯಲ್ಲಿ ಯಾರೂ ಕೇಳುವುದಿಲ್ಲ. ಚಿನ್ನ ಅಡವಿಡುವುದು ಜುಲೈಯಲ್ಲಿ. ಬಡ್ಡಿ ಸಾಲಕ್ಕೆ ಬೀಳುವುದೂ ಆಗಲೇ.

ಆಗಿದ್ದ ಸರಕಾರಿ ದರ ಹೇಳುತ್ತೇನೆ, ಕೇಳಿ. ಪೂರ್ತಿ ಹಾಳಾದ ದೋಣಿಗೆ 9,600 ರೂಪಾಯಿ. ಪೂರ್ತಿ ಹಾಳಾದ ಬಲೆಗೆ 2,600. ರಿಪೇರಿಯಾದರೆ ದೋಣಿಗೆ 4,100, ಬಲೆಗೆ 2,100. ಆಮೇಲೆ ದರ ಏರಿಸಿದ್ದಾರೆ, ಆದರೂ ಅದು ಬಲೆಯ ಲೆಕ್ಕವೇ ಅಲ್ಲ. ಹತ್ತು ಹನ್ನೆರಡು ಜನ ಸೇರಿ ಮಾಡಿಸುವ ಮಾಟುಬಲೆ ಲಕ್ಷದ ಲೆಕ್ಕದ್ದು.

2021ರಲ್ಲಿ ನಮ್ಮ ಏಳು ಹೋಟೆಲು, ಎರಡು ಜ್ಯೂಸ್ ಅಂಗಡಿಯವರು ಸೇರಿ ಒಂದು ಚೀಟಿ ಎತ್ತಿ ಜುಲೈ ಕೊನೆಯಲ್ಲಿ ಕಳಿಸಿದೆವು, ದಾನ ಅಂತ ಅಲ್ಲ, ಬಡ್ಡಿಯಿಲ್ಲದ ಕೈಗಡ ಅಂತ. ನಮ್ಮದೇ ವ್ಯಾಪಾರ ಲಾಕ್‌ಡೌನಿನಲ್ಲಿ ನೆಲ ಹಿಡಿದಿತ್ತು, ಪಾರ್ಸೆಲ್ ಮಾತ್ರ. ಆದರೂ ಆಯಿತು. ತೆಗೆದುಕೊಂಡ ಹದಿನಾಲ್ಕು ಮನೆಯಲ್ಲಿ ಹನ್ನೆರಡು ಮನೆಯವರು ಮುಂದಿನ ಮಾರ್ಚಿನೊಳಗೆ ಪೂರ್ತಿ ವಾಪಸ್ ಕೊಟ್ಟರು. ಒಬ್ಬರು ತೀರಿಕೊಂಡರು. ಇನ್ನೊಬ್ಬರನ್ನು ನಾವು ಕೇಳಲಿಲ್ಲ.

ಅಘನಾಶಿನಿ, ಮಲ್ಲೇಶ್ವರ
ಭಾನುವಾರ, ಬೆಳಿಗ್ಗೆ 10:20

ಉತ್ತರ ಕನ್ನಡದ ಮಾತನ್ನೂ ಸೇರಿಸಿಕೊಳ್ಳಿ. ನಮ್ಮಲ್ಲಿ ಕಡಲಿಗಿಂತ ಹೊಳೆಯ ಬಾಯಿಯಲ್ಲಿ ನಷ್ಟ. ಕುಮಟಾದ ಮಾಣಿಕಟ್ಟಾ ಕಡೆ ಗಜನಿ ಗದ್ದೆಗಳಿವೆ, ಭರತಕ್ಕೆ, ಅಂದರೆ ಕಡಲ ಉಬ್ಬರಕ್ಕೆ, ಉಪ್ಪುನೀರು ಬರುವ ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ, ಉಪ್ಪು ತಡೆಯುವ ತಳಿ, ನೀರು ನಿಂತರೂ ತಲೆಯೆತ್ತಿ ನಿಲ್ಲುತ್ತದೆ. ಚಂಡಮಾರುತದ ಗಾಳಿಯೂ ಭರತವೂ ಒಟ್ಟಿಗೆ ಬಂದರೆ ಕಟ್ಟು ಒಡೆಯುತ್ತದೆ. ಒಬ್ಬರ ಗದ್ದೆಯ ಕಟ್ಟು ಒಡೆದರೆ ಇಡೀ ಬಯಲು ಹೋಯಿತು. ಹಿಂದೆ ಊರಿಗೆ ಊರೇ ಸೇರಿ ಮಣ್ಣು ಹಾಕಿ ಕಟ್ಟುತ್ತಿತ್ತು. ಈಗ ಗಂಡುಮಕ್ಕಳು ನನ್ನ ಹಾಗೆ ಇಲ್ಲಿ ಕೂತಿದ್ದೇವೆ, ಕಟ್ಟಲು ಕೈ ಇಲ್ಲ. ಅಜ್ಜ ಹೇಳುತ್ತಿದ್ದರು, "ತಮಾ, ಕಟ್ಟಿನ ಪಕ್ಕ ಕಾಂಡ್ಲಾ ಗಿಡ ಕಡಿಯೂಕಾಗ, ಅದು ಬೇರಲ್ಲಿ ಮಣ್ಣು ಹಿಡ್ಕಂಡಿರ್ತು." ಕಾಂಡ್ಲಾ ಅಂದರೆ ಮ್ಯಾಂಗ್ರೋವ್, ಅದು ಇದ್ದ ಕಡೆ ಕಟ್ಟು ನಿಂತದ್ದನ್ನು ನಾನೇ ನೋಡಿದ್ದೇನೆ. ಊರಿಗೆ ಹೋಗುವವರು ಮಳೆಗಾಲದಲ್ಲಿ ಎರಡು ದಿನ ರಜೆ ಹಾಕಿ ಕಾಂಡ್ಲಾ ಕೋಡು ನೆಟ್ಟು ಬನ್ನಿ.

ಭುವನೇಶ್ವರದಲ್ಲಿದ್ದೆ, ಜಯನಗರ
ಭಾನುವಾರ, ಮಧ್ಯಾಹ್ನ 12:15

ಬ್ಯಾಂಕ್ ಕೆಲಸಕ್ಕೆ ಒಡಿಶಾದಲ್ಲಿ ಆರು ವರ್ಷ ಇದ್ದೆ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಹೋದರು. 2019ರ ಮೇ 3ರಂದು ಪುರಿಗೆ ಫನಿ ಬಂದಾಗ ನಾನು ಅಲ್ಲೇ ಇದ್ದೆ. ಅದಕ್ಕೂ ಮುಂಚೆ 12 ಲಕ್ಷದಷ್ಟು ಜನರನ್ನು ಸ್ಥಳಾಂತರಿಸಿದ್ದರು, ಸಾವು 64ಕ್ಕೆ ನಿಂತಿತು. ಇಪ್ಪತ್ತು ವರ್ಷದ ಕೆಲಸ ಅದು. ಊರೂರಿಗೆ ಆಶ್ರಯ ಕಟ್ಟಡ, ಊರಿನದೇ ಹುಡುಗ ಹುಡುಗಿಯರ ತಂಡ, ವರ್ಷವೂ ಅಭ್ಯಾಸ.

ಆದರೆ ಜೀವ ಉಳಿದ ಮೇಲಿನ ಬದುಕು ಅಲ್ಲೂ ಕಷ್ಟವೇ. ಪುರಿಯಲ್ಲಿ ಕೆಲವು ಕಡೆ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಮೇ ಬಿಸಿಲು, ತಗಡಿನ ಶೆಡ್, ಮೇಲೆ ನೆರಳಿಗೆ ಒಂದು ಮರವೂ ಇಲ್ಲ. ತೆಂಗು ನೆಟ್ಟರೆ ಫಸಲಿಗೆ ಐದಾರು ವರ್ಷ. ನಮ್ಮ ಕರ್ನಾಟಕದವರಿಗೆ "ಪಶ್ಚಿಮಕ್ಕೆ ಸೈಕ್ಲೋನ್ ಬರಲ್ಲ" ಅನ್ನೋ ಹಳೇ ನಂಬಿಕೆ ಇನ್ನೂ ಇದೆ. 2019ರಲ್ಲಿ ಕ್ಯಾರ್ ಮತ್ತು ಮಹಾ ಒಟ್ಟಿಗೇ ಅರಬ್ಬಿ ಸಮುದ್ರದಲ್ಲಿದ್ದವು, 2020ರಲ್ಲಿ ನಿಸರ್ಗ, 2021ರಲ್ಲಿ ತೌಕ್ತೆ, 2023ರಲ್ಲಿ ಬಿಪರ್‌ಜಾಯ್. ಆ ನಂಬಿಕೆ ಬಿಡುವ ಕಾಲ ಬಂದಿದೆ.

ಪಡುಬಿದ್ರಿ, ಪೀಣ್ಯ
ಭಾನುವಾರ, ಮಧ್ಯಾಹ್ನ 3:40

ಕಡಲಿನಲ್ಲೇ ಉಳಿದವರ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ನಾನು.

ತೌಕ್ತೆಯಲ್ಲಿ ನಮ್ಮೂರಿನ ಕಡಲಿನಲ್ಲಿ ಒಂದು ಟಗ್ (ಹಡಗುಗಳನ್ನು ಎಳೆಯುವ ದೋಣಿ) ಮಗುಚಿ ಜೀವ ಹೋಯಿತು. ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿದ ಇನ್ನೊಂದು ಟಗ್‌ನಲ್ಲಿದ್ದ ಒಂಬತ್ತು ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರೂ ಕೋಸ್ಟ್ ಗಾರ್ಡಿನವರೂ ಎತ್ತಿ ತಂದರು. ದಡದಲ್ಲಿ ನಿಂತು ನೋಡಿದ ನನ್ನ ತಮ್ಮ ಇವತ್ತಿಗೂ ಆ ಶಬ್ದ ಹೇಳುತ್ತಾನೆ.

ದೇಹ ಸಿಗದಿದ್ದರೆ ಮನೆಯವರಿಗೆ ಬೇರೆ ಕಷ್ಟ. ಕಾನೂನಿನಲ್ಲಿ ಕಾಣೆಯಾದವನು ಸತ್ತಿದ್ದಾನೆ ಎಂದು ಭಾವಿಸಲು ಏಳು ವರ್ಷ ಬೇಕು. ಅಷ್ಟು ದಿನ ವಿಮೆ ಇಲ್ಲ, ಬ್ಯಾಂಕ್ ಖಾತೆ ಬಿಡಿಸಲು ಆಗುವುದಿಲ್ಲ. ಹೆಂಡತಿ ಕರಿಮಣಿ ತೆಗೆಯಬೇಕೋ ಬೇಡವೋ ಗೊತ್ತಾಗದೆ ಕೂತಿರುತ್ತಾಳೆ. 2017ರ ಓಖಿಯಲ್ಲಿ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಹಾಗೆ ಹೋದಾಗ ಕೇರಳ ಸರಕಾರ ಏಳು ವರ್ಷ ಕಾಯದೆ ಕಾಣೆಯಾದವರ ಮನೆಗೂ ಪರಿಹಾರ ಕೊಟ್ಟಿತು. ನಮ್ಮಲ್ಲೂ ಅದು ನಿಯಮವಾಗಬೇಕು. ಇಲ್ಲಿ ವಕೀಲರು ಯಾರಾದರೂ ಇದ್ದರೆ ಇಂಥ ಒಂದು ಮನೆಯ ಕಾಗದ ಪತ್ರ ನೋಡಿಕೊಡಿ. ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ದೋಣಿ ಬಾರದಿದ್ದರೆ ಮೊದಲು ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಿ, ಆಮೇಲೆ ನೆಂಟರಿಗೆ. ಜಿಲ್ಲೆಯ ಕಂಟ್ರೋಲ್ ರೂಮ್ 1077.

ವಕೀಲೆ, ಗಾಂಧಿನಗರ
ಭಾನುವಾರ, ಸಂಜೆ 6:30

ಪಡುಬಿದ್ರಿಯವರೇ, ನಾನಿದ್ದೇನೆ. ನನ್ನ ತಾಯಿಯ ಊರು ಮರವಂತೆ. ಫೀಸು ಬೇಡ.

ಮನೆ ಪರಿಹಾರದಲ್ಲೂ ಇದೇ ತೊಡಕು. ದಡದ ಎಷ್ಟೋ ಮನೆಗಳಿಗೆ ಹಕ್ಕುಪತ್ರ ಇಲ್ಲ, ಸರಕಾರಿ ಜಾಗದಲ್ಲಿ ಮೂರು ತಲೆಮಾರಿನಿಂದ ಇದ್ದಾರೆ. ಅಂಥ ಮನೆಯನ್ನು ಸಕ್ರಮ ಮಾಡಿಕೊಡಿ ಎಂದು ಕೇಳುವ 94ಸಿ ಅರ್ಜಿ ಹಾಕಿದ್ದರೂ ಸ್ವೀಕೃತಿ ಚೀಟಿ ಮಳೆಯಲ್ಲಿ ಹೋಗಿರುತ್ತದೆ. ಈಗ, ಬಿಸಿಲಿರುವಾಗಲೇ, ಮನೆಯ ಕರೆಂಟ್ ಬಿಲ್ಲು, ಮನೆ ತೆರಿಗೆ ರಸೀದಿ, ಪಡಿತರ ಚೀಟಿ, ದೋಣಿಯ ನೋಂದಣಿ, ಮೀನುಗಾರರ ಸಂಘದ ಗುರುತುಚೀಟಿ, ಬ್ಯಾಂಕ್ ಪಾಸ್‌ಬುಕ್ ಇವುಗಳ ಫೋಟೋ ತರಿಸಿ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ನೋಡಿ. ನಾನು ನೋಡಿದ ಒಂದು ಮನೆಯಲ್ಲಿ ಪರಿಹಾರ ಮಂಜೂರಾಗಿ ಹನ್ನೊಂದು ತಿಂಗಳು ದುಡ್ಡು ಬರಲಿಲ್ಲ, ಖಾತೆಯಲ್ಲಿ ಯಜಮಾನರ ಹೆಸರಿನ ಒಂದು ಅಕ್ಷರ ತಪ್ಪಿತ್ತು.

ಬಸವನಗುಡಿಯವಳು
ಭಾನುವಾರ, ರಾತ್ರಿ 7:45

ಎರಡು ದಿನದಿಂದ ಎಲ್ಲ ಓದ್ತಾ ಇದ್ದೀನಿ. ನನಗೆ ಊರಿಲ್ಲ, ಆದರೆ ಟೈಪಿಂಗ್ ಬರುತ್ತೆ, ಅರ್ಜಿ ಬರೆಯೋದು ಬರುತ್ತೆ. ವಕೀಲೆ ಮೇಡಂ ಹೇಳಿದ ಹಾಗೆ ಕಾಗದಗಳನ್ನ ಮನೆ ಮನೆ ಪ್ರಕಾರ ಜೋಡಿಸಿ ಇಡೋ ಕೆಲಸ ನನಗೆ ಕೊಡಿ. ಮತ್ತೆ ಒಣಮೀನು ಹಾಕಿದವರ ಹೆಸರು, ಎಷ್ಟು ಬುಟ್ಟಿ, ಎಷ್ಟು ಸಾಲ ಅಂತ ಈಗಲೇ ಬರೆದಿಟ್ಟುಕೊಂಡರೆ ಆಮೇಲೆ ಎಣಿಸಿಲ್ಲ ಅನ್ನೋ ಹಾಗಿರಲ್ಲ ಅಲ್ವಾ?

ಗಂಗೊಳ್ಳಿ ಕಡೆಯವ, ರಾಜಾಜಿನಗರ
ಭಾನುವಾರ, ರಾತ್ರಿ 9:10

ಅಕ್ಕಾ, ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಈಗಷ್ಟೇ ಅಬ್ಬಿಗೆ ಫೋನ್ ಮಾಡಿ ಕೇಳಿದೆ. ಈ ವರ್ಷ ಓಣಿಯಲ್ಲಿ ಒಂಬತ್ತು ಜನ ಮೀನು ಹರವಿದ್ದಾರಂತೆ. ಹೆಸರು ಒಂದೊಂದೇ ಹೇಳಿದರು, ನಾನು ಬರೆದುಕೊಂಡೆ. ಎಂಟನೆಯ ಹೆಸರು ಹೇಳುವಾಗ "ಇದೆಲ್ಲ ಎಂತಕ್ ಬರ್ಕಂತೆ?" ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ ಹೆಸ್ರೂ ಬರಿ" ಅಂದರು.

ಬೈಂದೂರಿನ ಅಣ್ಣ, ಮುಂದಿನ ಭಾನುವಾರ ಮಧ್ಯಾಹ್ನ ನಿಮ್ಮ ಹೋಟೆಲಿನಲ್ಲಿ ಸೇರೋಣ ಅಂತಿದ್ದೇನೆ. ಮೆಕ್ಯಾನಿಕ್ಕಿನ ದುಡ್ಡು ಮೊದಲೇ ಊರಿನಲ್ಲಿ ಒಬ್ಬರ ಕೈಯಲ್ಲಿ ಇರಬೇಕು, ಟ್ಯಾಂಕರಿನವರ ಜೊತೆ ಮಾತಾಗಿರಬೇಕು. ಜುಲೈಗೆ ಚೀಟಿ.

ಬೈಂದೂರು ಹೋಟೆಲಿನವರು, ಕಾಮಾಕ್ಷಿಪಾಳ್ಯ
ಭಾನುವಾರ, ರಾತ್ರಿ 10:25

ಮೂರು ಗಂಟೆಗೆ ಬನ್ನಿ, ಊಟದ ಗಲಾಟೆ ಮುಗಿದಿರುತ್ತದೆ. ಮೇಲಿನ ಹಾಲ್ ತೆರೆಸಿಡುತ್ತೇನೆ. ಬಸವನಗುಡಿಯ ತಂಗಿಯೂ ಬರಲಿ.